ಗಿರಿಶಿಖರಗಳ ಪ್ರಾಚೀನ ನೆಲೆಗಳೂ ಈಚಿನ ಹರಕೆಗಳೂ

೧

ಕನ್ನಡನಾಡಿನ ಬೆಟ್ಟಗುಡ್ಡಗಳ ಮೇಲೆ ಪೂರ್ವಕಾಲದವರು ಬಿಟ್ಟುಹೋದ ಕುರುಹುಗಳು ಹೇರಳವಾಗಿವೆ. ಹಾಸುಬಂಡೆಗಳಿಂದ ಕಟ್ಟಿದ ಕಲ್ಮನೆಗಳು, ನೆಟ್ಟ ನಿಲುಗಲ್ಲುಗಳು, ಗುಂಡುಗಳ ಮೇಲೆ ಕೊರೆದ ಧರ್ಮಲಿಪಿಗಳು, ಪಾಳುಬಿದ್ದ ಕೋಟೆಗಳು, ಗುಡಿಗಳು ಇವೆಲ್ಲವೂ ಈ ಗುಂಪಿಗೆ ಸೇರತಕ್ಕವು. ಇಂಥ ನೆಲೆಗಳಲ್ಲಿಯೇ ನಿನ್ನೆಮೊನ್ನೆ ಬಂದವರು ಇಟ್ಟುಹೋದ ವಸ್ತುಗಳೂ ಕಾಣಸಿಗುತ್ತವೆ: ಅರಿಸಿನ, ಕುಂಕುಮ, ಒಡೆದ ತೆಂಗಿನಕಾಯಿಯ ಕರಟ, ಗಾಜಿನ ಬಳೆ, ಮರದ ಕೊಂಬೆಗೆ ಕಟ್ಟಿದ ಬಟ್ಟೆಯ ತೊಟ್ಟಿಲು, ಒಂದರ ಮೇಲೊಂದು ಪೇರಿಸಿದ ನಾಲ್ಕಾರು ಕಲ್ಲುಗಳು. ಮೊದಲನೆಯವನ್ನು ಶಾಸನಜ್ಞರೂ ಪ್ರಾಕ್ತನಶಾಸ್ತ್ರಜ್ಞರೂ ಬಹುಕಾಲದಿಂದ ಪರಿಶೀಲಿಸುತ್ತ ಬಂದಿದ್ದಾರೆ. ಎರಡನೆಯವನ್ನಾದರೋ ಕಸವೆಂದು ಬದಿಗೆ ಸರಿಸುವುದು, ಇಲ್ಲವೆ ಅನಾದಿಯಿಂದ ಬಂದ ಆಚಾರವೆಂಬ ಒಂದೇ ಮಾತಿನಿಂದ ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ಎರಡು ಮಾರ್ಗಗಳೂ ಸಾಧುವಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ನೆಲೆಯ ವಯಸ್ಸು ಬೇರೆ, ಆ ನೆಲೆಯಲ್ಲಿ ನಡೆಯುವ ಹರಕೆಯ ವಯಸ್ಸು ಬೇರೆ; ಒಂದರಿಂದ ಮತ್ತೊಂದನ್ನು ಊಹಿಸಲಾಗದು.

ಮೊದಲು ಶಬ್ದವನ್ನು ನೋಡೋಣ. ಹರಕೆ ಎಂಬುದು ಹಳಗನ್ನಡದ ಪರಕೆ. ಇದು ಪರಸು ಎಂಬ ಧಾತುವಿಗೆ ಸಂಬಂಧಿಸಿದ್ದು. ಹಿರಿಯರು ಹರಸಿದರು ಎಂದಾಗ ಮೇಲಿನಿಂದ ಇಳಿದು ಬರುವ ಆಶೀರ್ವಾದ. ದೇವರಿಗೆ ಹರಸಿಕೊಂಡರು ಎಂದಾಗ ಕೆಳಗಿನಿಂದ ಏರಿಹೋಗುವ ಸಂಕಲ್ಪ. ಕೊಡುವುದಕ್ಕೂ ಬೇಡುವುದಕ್ಕೂ ಒಂದೇ ಮಾತು ಸಾಕೆಂದು ಭಾಷೆ ನಿರ್ಣಯಿಸಿದೆ. ಎಡೆ ಎಂಬ ಶಬ್ದವೂ ಹಾಗೆಯೇ. ಹಳಗನ್ನಡದಲ್ಲಿ ಅದು ಸ್ಥಳವಾಚಕ. ಇಂದಿನ ರೂಢಿಯಲ್ಲಿ ದೇವರ ಮುಂದೆ ಬಡಿಸಿಟ್ಟ ಅನ್ನಕ್ಕೂ ಅದೇ ಹೆಸರು. ಇಟ್ಟ ಸ್ಥಳವನ್ನು ಬಿಟ್ಟು ಇಟ್ಟ ವಸ್ತುವಿಗೆ ಅರ್ಥವಿಲ್ಲವೆಂಬುದನ್ನು ಈ ಶಬ್ದವೇ ಸೂಚಿಸುವಂತಿದೆ. ಆದಕಾರಣ ಹರಕೆಯ ವಿಚಾರವನ್ನು ನೆಲೆಯ ವಿಚಾರದಿಂದ ಪೂರ್ತಿಯಾಗಿ ಬೇರ್ಪಡಿಸುವುದು ಸಾಧ್ಯವಿಲ್ಲ. ಆದರೆ ಎರಡನ್ನೂ ಒಂದೇ ಎಂದು ಭಾವಿಸುವುದೂ ತಪ್ಪು.

೨

ಉದಾಹರಣೆಗಳನ್ನು ಶಿವಮೊಗ್ಗೆಯ ಸೀಮೆಯಿಂದಲೇ ಆರಂಭಿಸಬಹುದು. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಆಯನೂರು ಸಿಕ್ಕುತ್ತದೆ. ಅಲ್ಲಿ ದಾರಿ ಕವಲೊಡೆದು, ಒಂದು ಕುಂಸಿಯ ಮೇಲೆ ಸಾಗರಕ್ಕೂ ಮತ್ತೊಂದು ರಿಪ್ಪನ್‌ಪೇಟೆಯ ಮೇಲೆ ಹೊಸನಗರಕ್ಕೂ ಹೋಗುತ್ತವೆ. ಎರಡನೆಯ ಕವಲನ್ನು ಹಿಡಿದು ನಡೆದರೆ ಬಯಲು ಹಿಂದೆ ಸರಿದು ಮಲೆಗಳು ಎದುರಾಗುತ್ತವೆ. ಸಾಂತರರ ಹುಂಚವೂ ಕೆಳದಿಯ ಅರಸರ ಬಿದನೂರು ನಗರವೂ ಕೊಡಚಾದ್ರಿಯ ಶಿಖರವೂ ಈ ಕಡೆಗೇ ಇವೆ. ಆಯನೂರು ಇವಕ್ಕೆಲ್ಲ ಒಂದು ಹೆಬ್ಬಾಗಿಲೆಂದರೆ ಸಲ್ಲುವುದು.

ಈ ಮಲೆಗಳ ನಡುವೆ ನಿಲಸ್ಕಲ್ ಎಂಬಲ್ಲಿಯೂ ಬ್ಯಾಣ, ಹೆರಗಲ್, ಮುಂಬಾರು ಎಂಬ ಆಸುಪಾಸಿನ ಸ್ಥಳಗಳಲ್ಲಿಯೂ ಪ್ರಾಚೀನ ನಿಲುಗಲ್ಲುಗಳಿವೆ. ನಿಲಸ್ಕಲ್ ಎಂಬ ಹೆಸರಿನಲ್ಲಿಯೇ ನಿಲ್ಲಿಸಿದ ಕಲ್ಲು ಎಂಬರ್ಥ ಸ್ಪಷ್ಟವಾಗಿದೆ. ಬ್ಯಾಣವೆಂದರೆ ಮಲೆನಾಡಿನವರ ಮಾತಿನಲ್ಲಿ ಹುಲ್ಲುಗಾವಲು. ಈ ಕಲ್ಲುಗಳು ಉಳಿಯಿಂದ ನಯಗೊಳಿಸದ ಸಹಜವಾದ ಚಪ್ಪಡಿಗಳು. ಶ್ರೀಕುಮಾರ್ ಮೆನನ್, ಮಯಂಕ್ ವಾಹಿಯಾ ಮೊದಲಾದ ವಿದ್ವಾಂಸರು ೨೦೧೦ರ ಆಚೀಚೆಯ ವರ್ಷಗಳಲ್ಲಿ ಇವನ್ನು ಅಳೆದು ನೋಡಿ, ಚಪ್ಪಡಿಗಳ ಉದ್ದದ ಮೈ ಉತ್ತರ ದಕ್ಷಿಣವಾಗಿ ನಿಂತಿರುವುದನ್ನೂ, ಕೆಲವು ಕಲ್ಲುಗಳ ಜೋಡಿಗಳು ಅಯನಾರಂಭದ ದಿನಗಳ ಸೂರ್ಯೋದಯ ಸೂರ್ಯಾಸ್ತಗಳ ದಿಕ್ಕನ್ನು ತೋರುವುದನ್ನೂ ಪ್ರಕಟಿಸಿದರು. ಈ ಬಗೆಯ ಬೃಹಚ್ಛಿಲೆಗಳ ಕಾಲವನ್ನು ದಕ್ಷಿಣದೇಶದಲ್ಲಿ ಸಾಮಾನ್ಯವಾಗಿ ಕ್ರಿಸ್ತಪೂರ್ವದ ಕೊನೆಯ ಸಹಸ್ರವರ್ಷಗಳಲ್ಲಿ ಎಣಿಸುತ್ತಾರೆ.

ಇಲ್ಲಿ ಒಂದು ಪ್ರಲೋಭನೆ ಎದುರಾಗುತ್ತದೆ. ಅಯನವೆಂದೊಡನೆ ಮಕರಸಂಕ್ರಾಂತಿ ನೆನಪಾಗುವುದು ಸಹಜ. ಸಂಕ್ರಾಂತಿಯಂದು ಬೆಟ್ಟವೇರಿ ಪೂಜೆ ಸಲ್ಲಿಸುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಆದುದರಿಂದ ಈ ಪೂಜೆ ನಿಲುಗಲ್ಲುಗಳನ್ನು ನೆಟ್ಟವರಿಂದಲೇ ಇಳಿದುಬಂದದ್ದೆಂದು ಹೇಳಿಬಿಡಲು ಮನಸ್ಸು ಹಾತೊರೆಯುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. ಕಲ್ಲುಗಳು ತೋರಿಸುವುದು ಸೂರ್ಯನು ದಕ್ಷಿಣದ ಕಡೆಯ ಎಲ್ಲೆಯನ್ನು ಮುಟ್ಟಿ ಹಿಂದಿರುಗುವ ದಿನವನ್ನು. ಅದು ಡಿಸೆಂಬರ್ ೨೧ ಅಥವಾ ೨೨. ಸಂಕ್ರಾಂತಿಯಾದರೋ ನಕ್ಷತ್ರಗಳನ್ನು ಆಧರಿಸಿದ ರಾಶಿಗಣನೆಯಿಂದ ಬಂದದ್ದು. ಈಗ ಅದು ಜನವರಿ ೧೪ ಅಥವಾ ೧೫ಕ್ಕೆ ಬೀಳುತ್ತದೆ. ಅಯನಚಲನದಿಂದಾಗಿ ಇವೆರಡರ ನಡುವೆ ಮೂರು ವಾರಗಳಿಗೂ ಮಿಕ್ಕ ಅಂತರ ಬೆಳೆದಿದೆ. ಇವೆರಡೂ ಒಂದೇ ದಿನಕ್ಕೆ ಕೂಡಿಬಂದದ್ದು ಕ್ರಿಸ್ತಶಕದ ಮೂರನೆಯ ನಾಲ್ಕನೆಯ ಶತಮಾನಗಳ ಸುಮಾರಿಗೆ. ನಿಲುಗಲ್ಲುಗಳು ನಿಂತದ್ದು ಅದಕ್ಕೂ ಬಹು ಹಿಂದೆ. ಹನ್ನೆರಡು ರಾಶಿಗಳ ಗಣನೆಯೂ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ನಮ್ಮ ಜ್ಯೋತಿಷದಲ್ಲಿ ನೆಲೆಗೊಂಡಿತೆಂಬುದು ಆ ಶಾಸ್ತ್ರದ ಇತಿಹಾಸಕಾರರ ಮತ. ಇಬ್ಬರೂ ಸೂರ್ಯನನ್ನೇ ನೋಡಿದರೆಂಬುದು ನಿಜ. ಆದರೆ ಒಬ್ಬರು ನೋಡಿದ ದಿನವನ್ನು ಮತ್ತೊಬ್ಬರು ನೋಡಲಿಲ್ಲ.

ಇದೇ ಹೊಸನಗರದ ಸೀಮೆಯ ಕೊಡಚಾದ್ರಿ ಇನ್ನೊಂದು ಪಾಠವನ್ನು ಕಲಿಸುತ್ತದೆ. ಸಮುದ್ರಮಟ್ಟದಿಂದ ೧೩೪೩ ಮೀಟರು ಎತ್ತರವಿರುವ ಈ ಬೆಟ್ಟದಲ್ಲಿ ಮೂಲಮೂಕಾಂಬಿಕೆಯ ಗುಡಿಯ ಬಳಿ ಒಂದು ಕಬ್ಬಿಣದ ಕಂಬವಿದೆ. ಮೂಕಾಸುರನನ್ನು ಸಂಹರಿಸಿದ ದೇವಿಯ ತ್ರಿಶೂಲವೇ ಅದೆಂದು ಭಕ್ತರು ನಂಬಿ ಕೈಮುಗಿಯುತ್ತಾರೆ. ಲೋಹಶಾಸ್ತ್ರಜ್ಞರು ಪರೀಕ್ಷಿಸಿದಾಗ ಅದು ಹಳೆಯ ದೇಶೀ ಕುಲುಮೆಗಳ ಪದ್ಧತಿಯಲ್ಲಿ ತಯಾರಾದ ಕಬ್ಬಿಣವೆಂದು ಕಂಡುಬಂದಿದೆ. ಭಕ್ತನ ನಂಬಿಕೆ ಲೋಹದ ಇತಿಹಾಸವನ್ನು ಹೇಳದು. ಲೋಹದ ಪರೀಕ್ಷೆ ಭಕ್ತನ ನಂಬಿಕೆಯನ್ನು ಅಳೆಯದು. ಆದರೂ ಒಂದು ಮಾತನ್ನು ಮರೆಯಲಾಗದು. ಮಳೆಗಾಳಿಗಳು ಬಿರುಸಾದ ಆ ಎತ್ತರದಲ್ಲಿ ಅಷ್ಟು ಕಬ್ಬಿಣವನ್ನು ಯಾರೂ ಕಿತ್ತು ಗುದ್ದಲಿ ಕತ್ತಿಗಳಿಗಾಗಿ ಕರಗಿಸದೆ ಉಳಿಸಿದ್ದಕ್ಕೆ ತ್ರಿಶೂಲವೆಂಬ ಹೆಸರೂ ಒಂದು ಕಾರಣವಾಗಿರಬೇಕು.

ಮಾಸ್ತಿಕಲ್ಲು ವೀರಗಲ್ಲುಗಳ ಸ್ಥಿತಿ ಇದಕ್ಕಿಂತ ಭಿನ್ನವಾದುದು. ಶಿವಮೊಗ್ಗೆಯ ಜಿಲ್ಲೆ ಇವುಗಳಿಗೆ ಹೆಸರಾದ ನೆಲ. ನಗರದ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿಯೂ ಇಂಥ ಶಿಲೆಗಳನ್ನು ನೋಡಬಹುದು. ಮಹಾಸತಿ ಎಂಬುದೇ ಮಾಸ್ತಿಯಾಯಿತು. ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿಸಿದ ತೋಳು, ತೋಳಿನಲ್ಲಿ ಒಡೆಯದ ಬಳೆ, ಇದು ಆ ಕಲ್ಲಿನ ಲಕ್ಷಣ. ಕಲ್ಲನ್ನು ನಿಲ್ಲಿಸಿದಂದು ಅದು ಗೊತ್ತಾದ ಒಬ್ಬ ಹೆಣ್ಣುಮಗಳ ಸ್ಮಾರಕ; ಕಾಲ ಕಳೆದ ಹಾಗೆ ಆಕೆಯ ಹೆಸರು ಮರೆತು ಅದು ಊರವರೆಲ್ಲರ ಮಾಸ್ತಮ್ಮ. ಮಲೆನಾಡಿನ ಬನಗಳಲ್ಲಿ ಚೌಡಿ, ಭೂತಪ್ಪ, ಜಟ್ಟಿಗ ಎಂಬ ಹೆಸರುಗಳಿಂದ ಎಡೆ ಪಡೆಯುವ ಕಲ್ಲುಗಳ ನಡುವೆ ಹಳೆಯ ವೀರಗಲ್ಲುಗಳೂ ಸೇರಿಕೊಂಡಿರುವುದುಂಟು. ಇಲ್ಲಿ ಗೌರವದ ಎಳೆ ಕಡಿಯದೆ ಬಂದಿದೆ. ಗೌರವಿಸಲ್ಪಡುವವರು ಯಾರೆಂಬುದು ಮಾತ್ರ ಬದಲಾಗಿದೆ.

೩

ಬೃಹಚ್ಛಿಲಾ ನೆಲೆಗಳಲ್ಲಿ ಅತ್ಯಂತ ವಿಸ್ತಾರವಾದವುಗಳಲ್ಲೊಂದು ಕೊಪ್ಪಳ ಜಿಲ್ಲೆ ಗಂಗಾವತಿಯ ಬಳಿಯ ಹಿರೇಬೆಣಕಲ್. ಅಲ್ಲಿಯ ಗುಡ್ಡದ ಮೇಲೆ ನಾನೂರರಷ್ಟು ಶಿಲಾರಚನೆಗಳಿವೆ; ೨೦೨೧ರಲ್ಲಿ ಅದು ವಿಶ್ವಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿತು. ಜನರು ಅದನ್ನು ಮೋರಿಯರ ಗುಡ್ಡವೆನ್ನುತ್ತಾರೆ. ಮೋರಿಯರೆಂದರೆ ಗೇಣುದ್ದದ ಕುಳ್ಳ ಜನ. ಕಲ್ಮನೆಯ ಚಪ್ಪಡಿಯಲ್ಲಿ ಕೊರೆದ ದುಂಡುಗಂಡಿಯೇ ಅವರ ಬಾಗಿಲು. ಬೆಂಕಿಯ ಮಳೆ ಸುರಿದು ಅವರೆಲ್ಲರೂ ಅಳಿದರು ಎಂದು ಕಥೆ. ಬೇರೆ ಕಡೆಗಳಲ್ಲಿ ಇಂಥ ಕಲ್ಮನೆಗಳಿಗೆ ಪಾಂಡವರ ಗುಡಿಗಳೆಂದು ಹೆಸರು.

ಈ ಕಥೆಗಳನ್ನು ಬಾಲಭಾಷಿತವೆಂದು ತಳ್ಳಿಹಾಕುವವರು ಅವುಗಳಲ್ಲಿರುವ ಒಂದು ಮುಖ್ಯಾಂಶವನ್ನು ಗಮನಿಸಿಲ್ಲ. ಹಳ್ಳಿಗನು ಇವನ್ನು ತನ್ನ ಅಜ್ಜಂದಿರು ಕಟ್ಟಿದರೆಂದು ಹೇಳಿಕೊಳ್ಳುವುದಿಲ್ಲ. ಕಟ್ಟಿದವರು ಬೇರೆ ಜಾತಿಯ ಜೀವಿಗಳು, ಅವರ ವಂಶ ನಿರ್ಮೂಲವಾಯಿತು, ನಾವು ಅನಂತರ ಬಂದವರು ಎನ್ನುತ್ತಾನೆ. ಇತಿಹಾಸದಲ್ಲಿ ಒಂದು ಎಳೆ ಕಡಿದಿದೆಯೆಂಬ ಸಂಗತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಹೇಗೆ? ಬೃಹಚ್ಛಿಲೆಗಳನ್ನು ನಿಲ್ಲಿಸಿದವರು ಅವುಗಳ ಮೇಲೆ ಅಕ್ಷರವನ್ನು ಬರೆದಿಡಲಿಲ್ಲ. ಶಿವಮೊಗ್ಗೆಯ ಸೀಮೆಯ ಅತಿ ಹಳೆಯ ಬರಹಗಳಲ್ಲೊಂದಾದ ಮಳವಳ್ಳಿಯ ಸಾತಕರ್ಣಿಯ ಕಂಬವೂ ಪ್ರಾಕೃತದಲ್ಲಿದೆ. ಹೀಗಿರುವಲ್ಲಿ ಇಂದಿನ ಎಡೆಯನ್ನು ನೋಡಿ ಮೂರು ಸಾವಿರ ವರ್ಷಗಳ ಹಿಂದಿನ ವಿಧಿಯನ್ನು ವರ್ಣಿಸುವ ಪಂಡಿತನು ಹಳ್ಳಿಗನು ಹೇಳದ ಮಾತನ್ನು ಹಳ್ಳಿಗನ ಬಾಯಲ್ಲಿ ಇಟ್ಟಂತಾಗುವುದು.

೪

ನೆಲೆ ಹಳೆಯದು, ಹರಕೆ ಈಚಿನದು ಎಂಬುದಕ್ಕೆ ಕಣ್ಣಿಗೆ ಕಾಣುವ ನಿದರ್ಶನವೊಂದು ಹಂಪೆಯಲ್ಲಿದೆ. ಮಾಲ್ಯವಂತ ಮೊದಲಾದ ಗುಡ್ಡಗಳ ಬಂಡೆಗಳ ಮೇಲೆ ಯಾತ್ರಿಕರು ಸಣ್ಣ ಸಣ್ಣ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಕಿರುಗೋಪುರಗಳನ್ನು ಮಾಡುತ್ತಾರೆ. ಸ್ವಂತ ಮನೆ ಕಟ್ಟುವ ಭಾಗ್ಯ ಬರಲೆಂಬುದು ಸಂಕಲ್ಪ. ಎಷ್ಟು ಕಲ್ಲು ನಿಂತರೆ ಅಷ್ಟು ಅಂತಸ್ತು ಎಂದು ನಗುತ್ತ ಹೇಳುವವರೂ ಉಂಟು. ಇದೇ ಪದ್ಧತಿ ನಾಡಿನ ಬೇರೆ ಬೆಟ್ಟದ ಕ್ಷೇತ್ರಗಳಲ್ಲಿಯೂ ಕಾಣಬರುತ್ತದೆ. ಸೀತೆಯನ್ನು ಅಗಲಿದ ರಾಮನು ಮಳೆಗಾಲವನ್ನು ಕಳೆದದ್ದು ಮಾಲ್ಯವಂತದಲ್ಲಿ ಎಂಬುದು ಸ್ಥಳದ ಐತಿಹ್ಯ. ನಾಡಿನಿಂದ ಹೊರಟು ಸೂರಿಲ್ಲದೆ ಅಲೆದವನ ಬೆಟ್ಟದಲ್ಲಿ ಸೂರಿಗಾಗಿ ಬೇಡುವುದರಲ್ಲಿ ಒಂದು ಔಚಿತ್ಯವಿದೆ.

ಈ ಗೂಡುಗಳ ವಯಸ್ಸನ್ನು ಕಟ್ಟಡದಿಂದಲೇ ಊಹಿಸಬಹುದು. ಗಾರೆಯಿಲ್ಲ, ಅಡಿಪಾಯವಿಲ್ಲ, ಒಂದೆರಡು ಮಳೆಗಾಲಗಳ ಗಾಳಿ, ಒಂದು ಕೋತಿಯ ಹಿಂಡು, ಒಂದು ಮೇಕೆಯ ಕಾಲು ಸಾಕು, ಗೂಡು ಉರುಳುತ್ತದೆ. ಆದುದರಿಂದ ಇಂದು ನಿಂತಿರುವ ಗೂಡು ಇಂದಿನವರದೇ. ಗೂಡಿನಲ್ಲಿ ಕೆತ್ತನೆಯ ಚೂರೊಂದು ಸೇರಿದ್ದರೆ ಇನ್ನೊಂದು ಪ್ರಮಾಣ ದೊರೆಯಿತು: ೧೫೬೫ರ ಯುದ್ಧದ ಮೇಲೆ ಪಟ್ಟಣ ಹಾಳಾಗಿ, ಕಟ್ಟಡಗಳು ಮುರಿದು, ಚೂರುಗಳು ಯಾರಿಗೂ ಬೇಡವಾಗಿ ಬಿದ್ದ ಮೇಲೆಯೇ ಅಂಥ ಗೂಡು ಹುಟ್ಟಿರಬೇಕು. ಹಾಳುಪಟ್ಟಣದಲ್ಲಿಯೇ ಈ ಹರಕೆಗೆ ಬೇಕಾದ ಸಾಮಗ್ರಿ ಉಂಟು.

ಕಷ್ಟವಿರುವುದೂ ಇಲ್ಲಿಯೇ. ಹರಕೆಯ ವಸ್ತು ಮನೆಯಿಂದ ಬಂದಾಗ ನೆಲೆಗೆ ನಷ್ಟವಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಬಳಿಯ ಸೂರ್ಯ ಎಂಬ ಕ್ಷೇತ್ರದಲ್ಲಿ ಸದಾಶಿವರುದ್ರನಿಗೆ ಮಣ್ಣಿನ ಹರಕೆ ಸಲ್ಲುತ್ತದೆ. ಮನೆ ಬೇಕಾದವರು ಮಣ್ಣಿನ ಮನೆಯನ್ನೂ, ಮಗು ಬೇಕಾದವರು ಮಣ್ಣಿನ ಮಗುವನ್ನೂ, ದನಕರುಗಳ ಕ್ಷೇಮ ಬಯಸುವವರು ಮಣ್ಣಿನ ದನವನ್ನೂ ಒಪ್ಪಿಸುತ್ತಾರೆ. ಅವು ಬನದಲ್ಲಿ ರಾಶಿಯಾಗಿ ಬಿದ್ದು ಮೆಲ್ಲಗೆ ಮತ್ತೆ ಮಣ್ಣಾಗುತ್ತವೆ. ಹಂಪೆಯ ಯಾತ್ರಿಕನೂ ಬೇಡುವುದು ಮನೆಯನ್ನೇ. ಆದರೆ ಅವನು ಕಲ್ಲನ್ನು ತರುವುದಿಲ್ಲ, ಅಲ್ಲಿಂದಲೇ ಎತ್ತುತ್ತಾನೆ. ಎಲ್ಲಿ ಯಾವ ಕಲ್ಲು ಬಿದ್ದಿತ್ತೆಂಬುದೇ ಪ್ರಾಕ್ತನಶಾಸ್ತ್ರಕ್ಕೆ ಸಾಕ್ಷ್ಯ. ಎತ್ತಿದೊಡನೆ ಆ ಸಾಕ್ಷ್ಯ ಅಳಿಯಿತು. ಕಲ್ಗುಪ್ಪೆಗಳಿರುವ ಸಮಾಧಿನೆಲೆಗಳಲ್ಲಿ ಈ ಪದ್ಧತಿ ಹಬ್ಬಿದರೆ ಹಳೆಯ ಗುಪ್ಪೆ ಯಾವುದು, ಹೊಸ ಗೂಡು ಯಾವುದು ಎಂದು ಮುಂದಿನವರು ತಿಳಿಯುವುದು ದುಸ್ತರವಾದೀತು.

ಭಕ್ತಿಯ ಓಡಾಟವೇ ಬರಹವನ್ನು ಸವೆಸಿದ ಉದಾಹರಣೆಯೂ ಇದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಅಶೋಕನ ಮೂರು ಶಾಸನಗಳನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯದಕ್ಕೆ ಜನರಿಟ್ಟ ಹೆಸರು ಅಕ್ಷರಗುಂಡು. ಜಟಿಂಗರಾಮೇಶ್ವರ ಬೆಟ್ಟದಲ್ಲಿರುವುದು ಗುಡಿಗೆ ಹತ್ತುವ ಮೆಟ್ಟಿಲುಗಳ ಬಳಿಯ ಬಂಡೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಮಲಾರ ಹರಡುತ್ತಿದ್ದುದರಿಂದ ಅದು ಬಳೆಗಾರಗುಂಡು. ಮೂರರಲ್ಲಿ ಬಹಳವಾಗಿ ಸವೆದುಹೋದದ್ದು ಇದೇ. ಬಳೆಗಾರನಿಗೆ ಅಶೋಕನ ಮೇಲೆ ದ್ವೇಷವಿರಲಿಲ್ಲ. ಅವನ ಕಾಲಡಿಯಲ್ಲಿ ಬರಹವಿದೆಯೆಂದು ತಿಳಿಸಿದವರು ಇರಲಿಲ್ಲ.

೫

ಪಶ್ಚಿಮದೇಶಗಳ ಸಂಗತಿಯನ್ನು ಹೋಲಿಸಿ ನೋಡಿದರೆ ನಮ್ಮದು ಹೆಚ್ಚು ತಿಳಿಯಾಗುತ್ತದೆ. ಈ ಹೋಲಿಕೆ ಹೊಸದಲ್ಲ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೈಲರ್ ಅವರು ದಖ್ಖಣದ ಬೃಹಚ್ಛಿಲೆಗಳನ್ನು ಕುರಿತು ೧೮೬೦ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಮೂಲಕ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಅವನ್ನು ಕೆಲ್ಟರಿಗೆ, ಡ್ರೂಯಿಡ್ ಪುರೋಹಿತರಿಗೆ, ಇಲ್ಲವೆ ಶಕರಿಗೆ ಸೇರಿದವೆಂದು ಹೆಸರಿಸಿದ್ದರು. ಆ ಮತ ಈಗ ಬಿದ್ದುಹೋಗಿದೆ. ನಮ್ಮ ಕಲ್ಲುಗಳಿಗೂ ಡ್ರೂಯಿಡರಿಗೂ ಸಂಬಂಧವಿಲ್ಲ. ಬ್ರಿಟನ್ನಿನ ಬೃಹಚ್ಛಿಲೆಗಳೇ ಡ್ರೂಯಿಡರಿಗಿಂತ ಎರಡು ಮೂರು ಸಾವಿರ ವರ್ಷ ಹಿಂದಿನವು.

ಆದರೂ ಇಂದು ಅಲ್ಲಿ ಆ ಕಲ್ಲುಗಳ ಬಳಿಗೆ ಹರಕೆ ಹೊತ್ತು ಬರುವವರಿದ್ದಾರೆ. ಇವರು ತಮ್ಮನ್ನು ಪೇಗನ್ನರೆಂದು ಕರೆದುಕೊಳ್ಳುತ್ತಾರೆ. ಲ್ಯಾಟಿನ್ನಿನ ಆ ಶಬ್ದಕ್ಕೆ ಮೂಲಾರ್ಥ ಹಳ್ಳಿಗಾಡಿನವನು ಎಂದು. ಕ್ರೈಸ್ತಮತ ಹಬ್ಬಿದ ಮೇಲೆ ಹಳೆಯ ದೇವತೆಗಳನ್ನು ಪೂಜಿಸುವವನು ಎಂದಾಯಿತು. ಮಾಟಗಾತಿಯರನ್ನು ಕುರಿತ ಹಳೆಯ ಕಾಯಿದೆ ಇಂಗ್ಲೆಂಡಿನಲ್ಲಿ ೧೯೫೧ರಲ್ಲಿ ರದ್ದಾಯಿತು. ೧೯೫೪ರಲ್ಲಿ ಜೆರಾಲ್ಡ್ ಗಾರ್ಡ್ನರನ ಪುಸ್ತಕ ಹೊರಟಿತು. ಅಲ್ಲಿಂದ ಈಚೆಗೆ ಈ ಮಾರ್ಗ ಬೆಳೆಯಿತು. ವಿಲ್ಟ್‌ಷೈರಿನ ಏರುನೆಲದ ಮೇಲಿರುವ ವೆಸ್ಟ್ ಕೆನೆಟ್ ಎಂಬ ಐದೂವರೆ ಸಾವಿರ ವರ್ಷಗಳ ಸಮಾಧಿಯಲ್ಲಿ ಹೂವು, ಹಣ್ಣು, ಮೇಣದ ಬತ್ತಿಗಳನ್ನು ಇಟ್ಟುಹೋಗುತ್ತಾರೆ. ಬತ್ತಿಯ ಮಸಿ ಕಲ್ಲಿಗೆ ಹತ್ತುತ್ತದೆಂದು ಪ್ರಾಕ್ತನಶಾಸ್ತ್ರಜ್ಞರ ದೂರು. ಐರ್ಲೆಂಡಿನ ನಾಕ್‌ನರೇ ಬೆಟ್ಟದ ತುದಿಯ ಮಹಾ ಕಲ್ಗುಪ್ಪೆಗೆ ಒಂದೊಂದು ಕಲ್ಲು ಹೊತ್ತುಕೊಂಡು ಹೋಗಿ ಸೇರಿಸುವುದು ಯಾತ್ರಿಕರ ರೂಢಿ. ಹತ್ತುವವರ ಕಾಲಿನಿಂದ ಗುಪ್ಪೆ ಸವೆಯುತ್ತಿದೆಯೆಂಬ ಚಿಂತೆ ಅಲ್ಲಿಯೂ ಉಂಟು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅಲ್ಲಿ ಹಳೆಯ ಪೂಜೆಗಳು ಸಾವಿರಾರು ವರ್ಷ ನಿಂತುಹೋಗಿದ್ದವು. ಈಗ ಅವನ್ನು ಗ್ರಂಥಗಳಿಂದಲೂ ಕಲ್ಪನೆಯಿಂದಲೂ ಮತ್ತೆ ಕಟ್ಟುತ್ತಿದ್ದಾರೆ. ತಾನು ಮಾಡುವುದು ಹೊಸದೆಂದು ಅಲ್ಲಿಯ ಅನೇಕ ಉಪಾಸಕರು ಬಲ್ಲರು. ನಮ್ಮಲ್ಲಿ ಪೂಜಿಸುವ ಅಭ್ಯಾಸ ಎಂದೂ ನಿಂತಿಲ್ಲ. ಆದುದರಿಂದಲೇ ಹೊಸ ಹರಕೆಯೂ ಹುಟ್ಟಿದ ದಿನವೇ ಹಳೆಯದರ ವೇಷ ತೊಡುತ್ತದೆ. ಪೇಗನ್ ಎಂಬ ಮಾತಿಗೆ ಕನ್ನಡದಲ್ಲಿ ಸಮಾನಪದ ಸಿಕ್ಕದಿರುವುದಕ್ಕೂ ಇದೇ ಕಾರಣ. ಹಳ್ಳಿಯ ದೇವರಿಗೆ ನಡೆದುಕೊಳ್ಳುವವನನ್ನು ಬೇರೆಯಾಗಿ ಗುರುತಿಸುವ ಅಗತ್ಯ ನಮ್ಮ ಭಾಷೆಗೆ ಬೀಳಲಿಲ್ಲ.

೬

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಪ್ರಾಚೀನ ಸ್ಮಾರಕಗಳನ್ನು ಕುರಿತ ೧೯೫೮ರ ಕೇಂದ್ರದ ಕಾಯಿದೆಯ ಪ್ರಕಾರ, ಪೂಜಾಸ್ಥಾನವಾಗಿದ್ದು ಸರ್ಕಾರದ ಪಾಲನೆಯಲ್ಲಿರುವ ಸಂರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ಹೊಂದದ ಕಾರ್ಯಕ್ಕೆ ಬಳಸಕೂಡದು. ೨೦೧೦ರ ತಿದ್ದುಪಡಿ ಸ್ಮಾರಕಕ್ಕೆ ಹಾನಿಮಾಡಿದವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುತ್ತದೆ. ಸ್ವರೂಪವೆಂದರೇನೆಂಬ ಪ್ರಶ್ನೆ ಬಂದಾಗ ಜನರೂ ಅಧಿಕಾರಿಗಳೂ ನೋಡುವುದು ವಿದ್ವಾಂಸರ ಬರಹಗಳನ್ನು. ಒಂದು ಹರಕೆ ಮೂರು ಸಾವಿರ ವರ್ಷಗಳಷ್ಟು ಹಳೆಯದೆಂದು ಆಧಾರವಿಲ್ಲದೆ ಬರೆದರೆ ಕಲ್ಲನ್ನು ಕದಲಿಸುವ ಕೈಗೆ ಬಲ ಕೊಟ್ಟಂತಾಯಿತು. ಎಲ್ಲ ಹರಕೆಯೂ ಮೌಢ್ಯವೆಂದು ಬರೆದರೆ, ಕೊಡಚಾದ್ರಿಯ ಕಂಬದಂಥ ವಸ್ತುಗಳನ್ನು ಇಷ್ಟು ಕಾಲ ಕಾಯ್ದುಕೊಂಡು ಬಂದ ಶ್ರದ್ಧೆಯನ್ನು ಅವಮಾನಿಸಿದಂತಾಯಿತು. ಕಾಯಿದೆಯ ಪಟ್ಟಿಗೆ ಸೇರದ ಅಸಂಖ್ಯ ನೆಲೆಗಳಿಗೆ ಆ ಶ್ರದ್ಧೆಯ ಹೊರತು ಬೇರೆ ಕಾವಲಿಲ್ಲ.

ಆದುದರಿಂದ ಹರಕೆಯ ವಸ್ತುವನ್ನು ಕಂಡಲ್ಲಿ ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತ. ವಸ್ತು ಎಲ್ಲಿಂದ ಬಂತು, ಮನೆಯಿಂದಲೋ ನೆಲೆಯಿಂದಲೋ? ಅದು ಏನನ್ನು ಉಳಿಸಿಹೋಗುತ್ತದೆ, ಮಣ್ಣಾಗುತ್ತದೆಯೋ ಕಲ್ಲಿಗೆ ಅಂಟುತ್ತದೆಯೋ? ಇಟ್ಟವರು ಆ ನೆಲೆಯನ್ನು ಯಾವ ಹೆಸರಿನಿಂದ ಕರೆಯುತ್ತಾರೆ? ಮೊದಲ ಎರಡು ಪ್ರಶ್ನೆಗಳ ಉತ್ತರದಿಂದ ಯಾವ ಹರಕೆ ನಿರಪಾಯ, ಯಾವುದಕ್ಕೆ ಬದಲಿ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಕಲ್ಲಿನ ಮನೆಗೆ ಬದಲು ಮಣ್ಣಿನ ಮನೆಯನ್ನು ಒಪ್ಪಿಸಬಹುದೆಂದು ಹೇಳಲು ಸೂರ್ಯಕ್ಷೇತ್ರದ ಮೇಲ್ಪಂಕ್ತಿಯೇ ಇದೆ. ಇದು ಹೊರಗಿನಿಂದ ಹೇರಿದ ನಿಯಮವಾಗದೆ ನಾಡಿನದೇ ಪದ್ಧತಿಯಾಗಿರುವುದರಿಂದ ಜನರು ಒಪ್ಪುವ ಸಂಭವವೂ ಹೆಚ್ಚು.

ಮೂರನೆಯ ಪ್ರಶ್ನೆ ವಿಶೇಷವಾಗಿ ಸಾಹಿತ್ಯದ ಅಧ್ಯಾಪಕರಿಗೆ ಸೇರಿದ್ದು. ಅಕ್ಷರಗುಂಡು, ಬಳೆಗಾರಗುಂಡು, ನಿಲಸ್ಕಲ್, ಮೋರಿಯರ ಗುಡ್ಡ ಎಂಬ ಹೆಸರುಗಳು ಒಂದೊಂದೂ ಒಂದು ಸಣ್ಣ ಶಾಸನವಿದ್ದಂತೆ. ಜನರು ನೆಲೆಯನ್ನು 'ಓದಿ'ದ ಬಗೆ ಅವುಗಳಲ್ಲಿ ಅಡಗಿದೆ. ಕಲ್ಲಿನ ಶಾಸನವನ್ನು ಪಡಿಯಚ್ಚು ತೆಗೆದು ಉಳಿಸಬಹುದು. ಬಾಯ ಮಾತಿನ ಹೆಸರು ಹೇಳುವವರೊಡನೆಯೇ ಹೋಗುತ್ತದೆ. ಆಯನೂರಿನಿಂದ ಕೊಡಚಾದ್ರಿಯವರೆಗಿನ ಶಾಲೆಗಳ ಅಧ್ಯಾಪಕರು ತಮ್ಮ ತಮ್ಮ ಊರಿನ ಗುಡ್ಡ, ಬನ, ನೆಟ್ಟ ಕಲ್ಲುಗಳ ಹೆಸರುಗಳನ್ನೂ, ಅಲ್ಲಿ ಸಲ್ಲುವ ಹರಕೆಯನ್ನೂ, ಅದನ್ನು ಕಂಡ ತಿಥಿಯನ್ನೂ ವಿದ್ಯಾರ್ಥಿಗಳ ನೆರವಿನಿಂದ ಬರೆದಿಡುವುದಾದರೆ, ಯಾವ ಆಚಾರ ಯಾವಾಗ ಮೊದಲಾಯಿತೆಂದು ಮುಂದಿನವರು ಊಹಿಸುತ್ತ ಕೂರಬೇಕಾಗುವುದಿಲ್ಲ. ತಿಥಿಯನ್ನು ಬರೆಯುವುದನ್ನು ಮಾತ್ರ ಮರೆಯಬಾರದು. ಹಿಂದಿನವರು ನಮಗೆ ಉಳಿಸಿಹೋಗದೆ ಇದ್ದದ್ದು ಅದೊಂದೇ.